ಮೂರು ಎ ಕೊಡುವ ಕೈ

ಎಲ್ಲಿಂದ ಶುರು ಮಾಡಲಿ? ಮ್ಯಾನ್‌ಹಟನ್ನಿನ ಗಾಜಿನ ಕಟ್ಟಡದಿಂದ ಎಂದರೆ ನೀವು ಆಕಳಿಸುತ್ತೀರಿ. ಬಾಂಡ್, ರೇಟಿಂಗ್ ಎಂದರೆ ಪುಟವನ್ನೇ ಮಗುಚುತ್ತೀರಿ. ಹೋಗಲಿ, ರೆನಾಟಾಳ ಕೈಯಿಂದ ಶುರು ಮಾಡೋಣ. ಅದು ಎದ್ದರೆ ಒಂದು ಬಾಂಡಿಗೆ ಮೂರು ಎ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ, ಸಿಗುತ್ತದೆ. ಮೂರು ಎ ಇದ್ದರೆ ಜನ ಕಣ್ಣುಮುಚ್ಚಿ ಕೊಳ್ಳುತ್ತಾರೆ.

೧

ರೆನಾಟಾ ಗ್ರಾಬೆಕ್ ರೇಟಿಂಗ್ ಕಂಪನಿಯ ಅನಲಿಸ್ಟ್. ಯಾರ ಬಾಂಡ್, ಅಂದರೆ ಸಾಲಪತ್ರ, ಎಷ್ಟು ಗಟ್ಟಿ ಎಂದು ಮಾರ್ಕ್ಸ್ ಹಾಕುವುದು ಅವಳ ಕೆಲಸ. ಫೀಸು ಕೊಡುವವರು ಯಾರು? ಮಾರ್ಕ್ಸ್ ಬೇಕಾದವರೇ. (ನಗಬೇಡಿ, ಇದು ನಾನು ಕಟ್ಟಿದ್ದಲ್ಲ.) ಆಮೇಲೆ ಆ ಮಾರ್ಕ್ಸಿನ ಹಿಂದಿನ ಡೇಟಾವನ್ನು ಬಾಂಡ್ ಕೊಳ್ಳುವವರಿಗೂ ಮಾರುತ್ತಾರೆ, ವರ್ಷಾ ವರ್ಷಾ ಚಂದಾ. ಒಂದೇ ಎಮ್ಮೆಯನ್ನು ಎರಡೂ ಕಡೆಯಿಂದ ಕರೆಯುವ ಜಾಣರು!

೨ (ಹೊಡೆದುಹಾಕಿದ ಕರಡು)

ರೆನಾಟಾ ಎದ್ದು ನಿಂತು ಸತ್ಯದ ಬಗ್ಗೆ ಭಾಷಣ ಬಿಗಿದಳು...

"ಏಯ್, ನಿಲ್ಸಪ್ಪಾ!" ಅವಳೇ ನನ್ನ ಮೇಲೆ ರೇಗಿದಳು. "ಈ ಊರಲ್ಲಿ ನನ್ನ ಮನೆ ಬಾಡಿಗೆ ನೀನು ಕಟ್ತೀಯಾ?"

೩

ಬಾಸ್ ಹೇವರ್‌ಕ್ಯಾಂಪ್ ಬೇಗಲ್ ಎಂಬ ತೂತಿನ ಬ್ರೆಡ್ಡು ಕಚ್ಚುತ್ತಾ ಕಮಿಟಿ ನಡೆಸುತ್ತಿದ್ದಾನೆ. ಮನೆಸಾಲಗಳನ್ನು ಕಂತೆ ಕಟ್ಟಿ ಮಾಡಿದ ಹೊಸ ಬಾಂಡಿಗೆ ಮೂರು ಎ ಕೊಡಲು ಕೈ ಎತ್ತಬೇಕು.

"ನೋಡಮ್ಮ, ನಾವು ಕೊಡ್ಲಿಲ್ಲ ಅಂದ್ರೆ ಎದುರುಗಡೆ ಕಂಪನಿಯೋರು ಕೊಡ್ತಾರೆ. ಫೀಸು ಅವ್ರಿಗೆ, ಚಿಪ್ಪು ನಮ್ಗೆ."

"ಸರ್, ಅದ್ರೊಳಗಿರೋ ಮನೆಸಾಲ ಅರ್ಧಕ್ಕರ್ಧ ಮುಳುಗೋ ಹಾಗಿದೆ."

"ನಮ್ದು ಬರೀ ಅಭಿಪ್ರಾಯ ಕಣಮ್ಮ. ಕೆಳಗೆ ಸಣ್ಣಕ್ಷರದಲ್ಲಿ ಹಾಕಿರ್ತೀವಲ್ಲ? ಅಭಿಪ್ರಾಯಕ್ಕೆ ಯಾರಾದ್ರೂ ಜೈಲಿಗೆ ಹೋಗ್ತಾರಾ?"

ನನಗೆ ಮೈಯೆಲ್ಲ ಉರಿಯಿತು. ಅವನ ಬೇಗಲಿನಲ್ಲಿ ಒಂದು ಕಲ್ಲು ಇಟ್ಟೆ. (ಲೇಖಕನ ಅಧಿಕಾರ ಇಷ್ಟೇ.) ಅವನು ಹಲ್ಲು ಹಿಡಿದುಕೊಂಡು ನರಳುತ್ತಿದ್ದಾಗಲೇ ರೆನಾಟಾ ಕೈ ಎತ್ತಿಬಿಟ್ಟಳು.

೪

ಭಾನುವಾರ, ನೀರಾಚೆಯ ಸ್ಟೇಟನ್ ಐಲೆಂಡ್, ಅಪ್ಪನ ಮನೆ. ಫೆರಿ ದೋಣಿಯಲ್ಲಿ ದುಡಿದು ರಿಟೈರಾದ ಅವಳಪ್ಪ ಕಾಜಿಮಿರ್ ಕಡುಬಿನಂಥ ಪಿಯೆರೋಗಿ ಬಡಿಸುತ್ತಿದ್ದಾನೆ.

"ರೆನ್ಯಾ, ನಮ್ಮ ಪಿಂಚಣಿ ಫಂಡು ಹೊಸಾ ಬಾಂಡ್ ತಗೋತಿದೆ ಕಣೇ. ಮೂರು ಎ! ನಿಮ್ ಕಂಪನಿದೇ ಮುದ್ರೆ. ಹಳೇ ಫೆರಿಯೋರ ಪರವಾಗಿ ನಾಳೆ ಫಂಡಿನ ಮೀಟಿಂಗಲ್ಲಿ ನಾನೂ ಕೈ ಎತ್ಬೇಕು. ಗಟ್ಟಿ ತಾನೇ?"

ಅದೇ ಬಾಂಡು.

"ಅದು... ನಮ್ಮ ಕಂಪನಿ ಅಭಿಪ್ರಾಯ, ಅಪ್ಪ."

"ಕಂಪನಿದು ಹಾಳಾಗ್ಹೋಗ್ಲಿ. ನಿಂದೇನು?"

೫

ಮುಕ್ತಾಯ ಒಂದು: ನಿಜ ಹೇಳುತ್ತಾಳೆ, ಕೆಲಸ ಕಳೆದುಕೊಳ್ಳುತ್ತಾಳೆ. ಮುಕ್ತಾಯ ಎರಡು: "ಗಟ್ಟಿ ಅಪ್ಪ" ಎನ್ನುತ್ತಾಳೆ, ಫೆರಿಯ ಮುದುಕರೆಲ್ಲ ಮುಳುಗುತ್ತಾರೆ. ಮೂರನೆಯದನ್ನು ಹುಡುಕುತ್ತಿರುವಾಗ ಹೇವರ್‌ಕ್ಯಾಂಪ್ ನನಗೇ ಫೋನ್ ಮಾಡಿದ.

"ಸುಖಾಂತ ಮಾಡಿ ಸಾರ್, ಬಾಂಡು ಮುಳುಗೋದೇ ಬೇಡ. ನಿಮ್ಗೊಂದು ಒಳ್ಳೇ ಮೊತ್ತ ಕಳಿಸ್ತೀನಿ. ಕಥೆಗೂ ಮೂರು ಎ!"

ಥೂ ಎನ್ನಬೇಕಿತ್ತು. "ಎಷ್ಟು?" ಎಂದೆ.

ಅವನು ಹೇಳಿದ. ಪಿಯೆರೋಗಿ ಆರುತ್ತಿದೆ. ಕಾಜಿಮಿರ್ ಸೌಟು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಾನೆ. ರೆನಾಟಾ ಅಪ್ಪನನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ.

"ಎಷ್ಟಂದ?" ಎಂದು ಕೇಳಿದಳು.