ಹಸಿರು ದೀಪ ಹತ್ತದ ಮಧ್ಯಾಹ್ನ

ಮಂಜು ಇಳಿದ ದಿನ ಚಿಯಾವ್‌ಜೈಯಲ್ಲಿ ಯಾರೂ ಅವಸರ ಮಾಡುವುದಿಲ್ಲ. ಮಾಡಿ ಏನು ಪ್ರಯೋಜನ? ವಿಮಾನ ಇಳಿಯುವುದಿಲ್ಲ, ಹಡಗು ಹೊರಡುವುದಿಲ್ಲ, ಎದುರುಮನೆ ಇದೆಯೋ ಎದ್ದುಹೋಯಿತೋ ಎಂದು ತಿಳಿಯಲು ಅಲ್ಲಿಯವರೆಗೆ ನಡೆದೇ ಹೋಗಬೇಕು. ದ್ವೀಪದ ಈ ಮೂಲೆಯಲ್ಲಿ ಮನುಷ್ಯರಿಗಿಂತ ದೇವರೇ ಹೆಚ್ಚು. ಮಂಜು ಮೊದಲು ಗುಡಿಗಳನ್ನು ನುಂಗುತ್ತದೆ, ಆಮೇಲೆ ಕಲ್ಲಿನ ಮನೆಗಳನ್ನು, ಕೊನೆಗೆ ದೋಣಿ ಕಟ್ಟುವ ಧಕ್ಕೆಯ ಗೋಡೆಯನ್ನು. ಉಳಿಯುವುದು ಸದ್ದು ಮಾತ್ರ, ಅದೂ ಎಲ್ಲಿಂದ ಬಂತೆಂದು ಹೇಳಲು ಬಾರದ ಸದ್ದು.

ತ್ಸಾವ್ ಯೀರು ಆ ಬೆಳಿಗ್ಗೆ ಖುಷಿಯಲ್ಲಿದ್ದಳು. ದೊಡ್ಡಪ್ಪನ ಮನೆಯ ಮಹಡಿಯಲ್ಲಿ ಕೂತು ವರ್ಷಗಟ್ಟಲೆ ಅವಳು ಸಾಕಿಕೊಂಡು ಬಂದದ್ದು ದುಕೋ ಎಂಬ ಲೈಬ್ರರಿಯನ್ನು. ಪುಸ್ತಕದ ಲೈಬ್ರರಿಯಲ್ಲ, ಒಂದು ಯಂತ್ರ ಆಡಿದ ಮಾತನ್ನು ಇನ್ನೊಂದು ಯಂತ್ರಕ್ಕೆ ಕಳೆದುಹೋಗದಂತೆ ಮುಟ್ಟಿಸುವ ಸಾಫ್ಟ್‌ವೇರ್. ದುಕೋ ಎಂದರೆ ಕಡವು, ದೋಣಿ ಹತ್ತಿ ಇಳಿಯುವ ಜಾಗ. ಯಾರು ಬೇಕಾದರೂ ಪುಕ್ಕಟೆ ಎತ್ತಿಕೊಂಡು ಹೋಗಬಹುದು, ಯಾರು ಬೇಕಾದರೂ ತಿದ್ದಬಹುದು. ಎತ್ತಿಕೊಂಡು ಹೋದವರಿಗೆ ಲೆಕ್ಕವಿಲ್ಲ. ತಿದ್ದುವವರು ಇಬ್ಬರೇ: ಯೀರು, ಮತ್ತು ಕಾಲೇಜಿನಲ್ಲಿ ಅವಳಿಗಿಂತ ಚಿಕ್ಕವನಾಗಿದ್ದು ಈಗ ತೈಪೆಯಲ್ಲಿರುವ ಹೊಂಗ್‌ವೇ. ಮಿಕ್ಕವರು ದೂರು ಕೊಡುವವರು.

ದುಕೋ ಕೆಲಸ ಮುಗಿಯಿತು ಎನ್ನುವ ದಿನ ಬರುವುದಿಲ್ಲ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಈ ವಸಂತಕ್ಕೆ ಅವರಿಬ್ಬರೂ ಹಿಡಿದ ಕೆಲಸ ಹಳೆಯ ನಮಸ್ಕಾರವನ್ನು ಕಿತ್ತುಹಾಕುವುದು. ಯಂತ್ರಗಳು ಮಾತಿಗೆ ಮೊದಲು ಪರಸ್ಪರ ಒಂದು ನಮಸ್ಕಾರ ಹೇಳಿಕೊಳ್ಳುತ್ತವೆ. ಬಹಳ ಹಿಂದೆ ಯೀರು ಬರೆದ ನಮಸ್ಕಾರ ನಿಧಾನದ್ದು, ಕಳ್ಳರೂ ಅಣಕಿಸಬಹುದಾದಂಥದ್ದು. ಅದನ್ನು ತೆಗೆಯುವ ಮುನ್ನ ಈ ಕಸುಬಿನವರು ಮಾಡುವಂತೆ ಇವರೂ ಮಾಡಿದರು: ಪ್ರಯೋಗದ ಪ್ರತಿಯಲ್ಲಿ ತೆಗೆದುಬಿಟ್ಟು, ಯಾರು ಕೂಗಿಕೊಳ್ಳುತ್ತಾರೆ ಎಂದು ಕಾದು ನೋಡಿದರು.

"ಜಿಯೆ, ಯಾರಾದ್ರೂ ಕೂಗಿದ್ರಾ?" ಹೊಂಗ್‌ವೇ ಕಂಪ್ಯೂಟರಿನೊಳಗಿಂದ ಕೇಳಿದ. ಜಿಯೆ ಎಂದರೆ ಅಕ್ಕ.

"ಒಂದು ನಾಯಿನೂ ಬೊಗಳಿಲ್ಲ ಕಣೋ."

"ಹಾಗಾದ್ರೆ ಹಳೇದು ಯಾರ ಹತ್ರನೂ ಉಳಿದಿಲ್ಲ. ಹೊಸದನ್ನ ಲೋಕಕ್ಕೆ ಬಿಟ್ಬಿಡೋಣ."

"ಬಿಡ್ತೀನಿ. ನಿನ್ನ ಹೆಸರು ಮೊದಲು ಹಾಕ್ತೀನಿ, ಬೈಗುಳ ಬಂದ್ರೆ ನಿಂಗೇ ಬರ್ಲಿ."

"ಹೊಗಳಿಕೆ ಬಂದ್ರೆ?"

"ಇಲ್ಲಿವರೆಗೂ ಬಂದಿದ್ದುಂಟಾ?"

ಹೊಸ ಪ್ರತಿ ಲೋಕಕ್ಕೆ ಹೋಯಿತು. ತಾನು ಮಾಡಿದ ಅಡಿಗೆಯನ್ನು ತಾನೇ ಮೊದಲು ಉಣ್ಣಬೇಕೆಂಬ ಹಟ ಯೀರುಗೆ. ಕಿಟಕಿಯ ಬಳಿಯಿದ್ದ ಪುಟ್ಟ ಕಂಪ್ಯೂಟರಿಗೂ ಅದನ್ನೇ ಹಾಕಿದಳು. ಅದರ ಆಂಟೆನಾ ತಂತಿ ಮಾಡಿನ ಮೇಲೆ, ಹೆಂಚು ಹಾರದಂತೆ ಇಟ್ಟ ಕಲ್ಲುಗಳ ನಡುವೆ ನಿಂತು, ಕೊಲ್ಲಿಯ ಕಡೆಗೆ ಕಿವಿಗೊಟ್ಟಿರುತ್ತದೆ. ಕೇಳಿಸಿಕೊಳ್ಳುವುದು ಒಂದೇ ದೋಣಿಯನ್ನು, ದೊಡ್ಡಪ್ಪ ಮೂಜಿನ್‌ನ ದೋಣಿಯನ್ನು.

ತೈಪೆಯ ನೌಕರಿ ಬಿಟ್ಟು ಬಂದ ವರ್ಷ ಅವಳು ದೊಡ್ಡಪ್ಪನಿಗೊಂದು ಡಬ್ಬಿ ಮಾಡಿಕೊಟ್ಟಿದ್ದಳು. ಊಟದ ಡಬ್ಬಿಯೇ, ಒಳಗೆ ಯಂತ್ರವಿಟ್ಟು ನೀರು ಹೋಗದಂತೆ ಅಂಟು ಮೆತ್ತಿದ್ದಳು. ದೋಣಿ ಎಲ್ಲಿದೆಯೆಂದು ಅದು ಆಗಾಗ ಮನೆಗೆ ಹೇಳುತ್ತದೆ. ಮನೆ ಕೇಳಿಸಿಕೊಂಡರೆ ಇವಳ ಪರದೆಯ ನಕ್ಷೆಯಲ್ಲಿ ಒಂದು ಚುಕ್ಕಿ ಮೂಡುತ್ತದೆ, ಡಬ್ಬಿಯ ಮೇಲೆ ಹಸಿರು ದೀಪ ಹತ್ತುತ್ತದೆ. ಮೂತಿಗುಡ್ಡದ ಆಚೆಗೆ ಹೋದರೆ ಗುಡ್ಡ ಅಡ್ಡ ಬಂದು ದೀಪ ಆರುತ್ತದೆ, ಕೊಲ್ಲಿಗೆ ಮರಳಿದರೆ ಮತ್ತೆ ಹತ್ತುತ್ತದೆ. ಪಕ್ಕದಲ್ಲೊಂದು ಗುಂಡಿ. ಊರು ಹತ್ತಿರವಾದಾಗ ದೊಡ್ಡಪ್ಪ ಅದನ್ನು ಒತ್ತುತ್ತಾನೆ, ಇವಳು ಶ್ಯಾವಿಗೆಗೆ ನೀರಿಡುತ್ತಾಳೆ.

"ನಿಮ್ಮ ಕಣ್ಣು ಮೊದಲಿನ ಹಾಗಿಲ್ಲ ಈಪಾ," ಎಂದು ಆಗ ಹೇಳಿದ್ದಳು. ದೊಡ್ಡಪ್ಪನನ್ನು ಅಲ್ಲಿ ಈಪಾ ಎನ್ನುತ್ತಾರೆ. "ದೀಪ ಹತ್ತಿದ್ರೆ ಎದುರಿಗಿರೋದು ನಮ್ಮೂರು. ಹತ್ತದಿದ್ರೆ ನಮ್ಮೂರಲ್ಲ. ಬೇರೇನನ್ನೂ ನಂಬಬೇಡಿ, ಇದನ್ನ ನಂಬಿ."

"ನಾನು ಹುಟ್ಟಿದ ಊರು ಯಾವುದು ಅಂತ ಊಟದ ಡಬ್ಬಿ ಹೇಳ್ಬೇಕಾ?" ಎಂದು ಮೂಜಿನ್ ನಕ್ಕಿದ್ದ. ಒಂದು ದಟ್ಟ ಮಂಜಿನ ದಿನ ಅದು ಅವನನ್ನು ಸೀದಾ ಧಕ್ಕೆಗೆ ತಂದು ನಿಲ್ಲಿಸಿತು. ಅಂದಿನಿಂದ ತೋಳಿನಲ್ಲಿ ಅದನ್ನು ಒರೆಸದೆ ಅವನು ದೋಣಿ ಬಿಚ್ಚುತ್ತಿರಲಿಲ್ಲ.

ಆ ಡಬ್ಬಿಯೊಳಗಿದ್ದದ್ದು ಹಳೆಯ ದುಕೋ. ಅದಕ್ಕೆ ಬರುತ್ತಿದ್ದದ್ದು ಹಳೆಯ ನಮಸ್ಕಾರ ಒಂದೇ. ಲೋಕದಲ್ಲಿ ಯಾರ ಹತ್ತಿರವೂ ಹಳೆಯದು ಉಳಿದಿಲ್ಲವೆಂದು ಇವರಿಬ್ಬರೂ ಕೈ ಝಾಡಿಸಿಕೊಂಡಾಗ ಅದು ಮನೆಯೆದುರಿನ ಸಮುದ್ರದಲ್ಲೇ ತೇಲುತ್ತಿತ್ತು. ಯೀರುಗೆ ಹೊಳೆಯಲಿಲ್ಲ. ಎಷ್ಟು ಬುದ್ಧಿವಂತೆ ನೋಡಿ. ಕೂಗಿಕೊಳ್ಳಬೇಕಾಗಿದ್ದವನು ಎಲ್ಲಿ ಕೂಗಬೇಕೆಂದೇ ತಿಳಿಯದ ಮುದುಕ.

ಮೂಜಿನ್ ತಿನ್ನುವ ನೀಲಿಚಿಪ್ಪು ಬೆಳೆಯಲು ಸಮುದ್ರಕ್ಕೆ ಇಳಿಬಿಟ್ಟ ಹಗ್ಗಗಳನ್ನು ನೋಡಿಬರಲು ಬೆಳಿಗ್ಗೆಯೇ, ಮಂಜು ಇಳಿಯುವ ಮೊದಲೇ ಹೋಗಿದ್ದ. ಊಟದ ಹೊತ್ತಾಯಿತು, ಬರಲಿಲ್ಲ. ನಕ್ಷೆಯಲ್ಲಿ ಚುಕ್ಕಿಯಿಲ್ಲ. ಗುಡ್ಡದ ಆಚೆ ಇರಬೇಕು ಎಂದುಕೊಂಡಳು. ಶ್ಯಾವಿಗೆ ತೆಗೆದಿಟ್ಟಳು, ಮತ್ತೆ ಡಬ್ಬಕ್ಕೆ ಹಾಕಿದಳು. ಮಂಜು ಕಿಟಕಿಯ ಗಾಜಿಗೆ ಹತ್ತಿ ಒತ್ತಿದಂತೆ ಕೂತಿತ್ತು. ಫೋನು ಮಾಡೋಣವೆಂದರೆ ದೊಡ್ಡಪ್ಪನ ಫೋನು ಎಂದಿನಂತೆ ದಿಂಬಿನ ಕೆಳಗೆ ಮಲಗಿತ್ತು.

ಧಕ್ಕೆಯ ಗೋಡೆಯ ತುದಿಗೆ ಹೋಗಿ ನಿಂತಳು. ಮುಂದೆ ಬಿಳಿ, ಹಿಂದೆ ಬಿಳಿ, ಕಾಲ ಕೆಳಗೆ ನೀರು ಕಲ್ಲನ್ನು ನೆಕ್ಕುವ ಸದ್ದು.

"ಈಪಾ," ಎಂದು ಕರೆದಳು. "ಈಪಾ, ನಾನು ಯೀರು. ಇಲ್ಲಿದೀನಿ."

ರೊಟ್ಟಿ ಸುಡುವ ಪಕ್ಕದ ಮನೆಯ ಈಮು, ಎಂದರೆ ದೊಡ್ಡಮ್ಮ, ಕೈಗಂಟಿದ ಎಳ್ಳನ್ನು ಕೊಡವುತ್ತ ಮಂಜಿನಿಂದ ಮೂಡಿ ಬಂದಳು. "ಮಂಜಿನಲ್ಲಿ ಹಾಗೆಲ್ಲ ಕರೀಬಾರ್ದು ಕಣೇ. ಯಾರ್ಯಾರೋ ಓಗೊಡ್ತಾರೆ."

"ನಾನು ಕರೀತಿರೋದು ನಮ್ಮ ಈಪಾನ."

"ಈ ಊರಿನ ಎಷ್ಟು ಜನ ಈಪಾ ಆ ನೀರಿನಲ್ಲಿದ್ದಾರೆ ಗೊತ್ತಾ ನಿಂಗೆ?" ಎಂದಳು ಈಮು. ಬೈದಳು ನಿಜ, ಆದರೆ ಹೋಗದೆ ಪಕ್ಕದಲ್ಲೇ ನಿಂತಳು.

ಯೀರು ಮತ್ತೆ ಮತ್ತೆ ಕರೆದಳು. ನಡುವೆ ಒಮ್ಮೆ ಮೋಟಾರಿನ ಪಟಪಟ ಕೇಳಿಸಿತು. ಎಡದಿಂದಲೋ ಬಲದಿಂದಲೋ ತಿಳಿಯಲಿಲ್ಲ; ಕೈಗೆ ಸಿಗುವಷ್ಟು ಹತ್ತಿರ ಬಂತು, ನಿಂತಿತು. ಅವಳು ಗಂಟಲು ಹರಿಯುವಂತೆ ಕೂಗಿದಳು. ಆಮೇಲೆ ಪಟಪಟ ಮತ್ತೆ ಶುರುವಾಗಿ ದೂರ ದೂರ ಹೋಗಿ ಕರಗಿತು.

"ಮಂಜಿನ ಆಟ ಅದು," ಎಂದಳು ಈಮು. "ನಡಿ, ಕಾವಲು ದೋಣಿಯವರಿಗೆ ಹೇಳು."

ಕಾವಲು ದೋಣಿಯವರು ಫೋನಿನಲ್ಲಿ ಒಳ್ಳೆಯ ಮಾತೇ ಆಡಿದರು. "ಈ ಮಂಜಿನಲ್ಲಿ ಸುಮ್ನೆ ಸುತ್ತಿದ್ರೆ ನಮ್ಮ ದೋಣಿನೇ ಅವರಿಗೆ ಗುದ್ದೀತು ಅಮ್ಮಾ. ಇಂಥ ಕಡೆ ಅಂತ ಹೇಳಿ, ಈಗ್ಲೇ ಹೊರಡ್ತೀವಿ."

ಇಂಥ ಕಡೆ ಎಂದು ಹೇಳಲಿಕ್ಕೆಂದೇ ಅವಳು ಆ ಡಬ್ಬಿ ಮಾಡಿದ್ದು. ಮಹಡಿಗೆ ಓಡಿದಳು. ನಕ್ಷೆ ಖಾಲಿ. ಪರದೆಯ ಮೂಲೆಯಲ್ಲಿ ಹೊಂಗ್‌ವೇ ಬರೆದು ಹಾಕಿದ ಸಾಲು ಕಾಯುತ್ತಿತ್ತು: ಜಿಯೆ, ಇನ್ನೂ ಯಾರೂ ಕೂಗಿಲ್ಲ, ಗೆದ್ವಿ.

ಯೀರು ಆ ಸಾಲನ್ನು ಓದಿದಳು. ಕಿಟಕಿಯ ಬಳಿಯ ಕಂಪ್ಯೂಟರನ್ನು ನೋಡಿದಳು. ಬೆಳಿಗ್ಗೆ ತಾನೇ ಖುಷಿಯಿಂದ ಅದಕ್ಕೆ ಏನು ಹಾಕಿದೆನೆಂಬುದು ನೆನಪಾಯಿತು.

"ಹೊಂಗ್‌ವೇ, ಹಳೇದು ಒಂದಿದೆ ಕಣೋ," ಎಂದಳು. "ಈಪಾ ಹತ್ರ ಇದೆ. ಬೆಳಿಗ್ಗೆಯಿಂದ ಅವರು ನಮಸ್ಕಾರ ಹೇಳ್ತಾನೇ ಇದಾರೆ, ನಮ್ಮನೆ ಮುಖ ತಿರುಗಿಸ್ಕೊಂಡು ಕೂತಿದೆ."

ಹೊಂಗ್‌ವೇ ತಮಾಷೆ ಮಾಡಲಿಲ್ಲ. "ಹಿಂದಿನದನ್ನ ವಾಪಸ್ ಹಾಕು. ನಾನು ಇಲ್ಲೇ ಇರ್ತೀನಿ."

ವಾಪಸ್ ಹಾಕಿದಳು. ನಕ್ಷೆಯ ಮೇಲೆ ಒಂದು ಚುಕ್ಕಿ ಮೂಡಿತು. ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಗೊತ್ತಾಯಿತು, ಅದು ಬೆಳಿಗ್ಗೆ ದೋಣಿ ಧಕ್ಕೆ ಬಿಟ್ಟ ಸ್ವಲ್ಪ ಹೊತ್ತಿನ ಮೇಲಿನ ಚುಕ್ಕಿ. ದುಕೋ ಮಾತು ಕಳೆಯುವುದಿಲ್ಲ. ಕೇಳುವವರು ಸಿಗುವವರೆಗೆ ಕಟ್ಟಿಟ್ಟುಕೊಂಡು, ಮೊದಲು ಹೇಳಿದ್ದನ್ನು ಮೊದಲು ಮುಟ್ಟಿಸುತ್ತದೆ. ದೋಣಿಯ ರೇಡಿಯೋ ಬಡಪಾಯಿ, ಆದ್ದರಿಂದ ನಿಧಾನವಾಗಿ, ತೊಟ್ಟು ತೊಟ್ಟಾಗಿ.

"ಕೊನೇದನ್ನ ಮೊದಲು ತರ್ಸೋಕಾಗಲ್ವಾ?" ಎಂದ ಹೊಂಗ್‌ವೇ.

"ಆಗಬಾರ್ದು ಅಂತ ಬರೆದವಳು ನಾನೇ ಅಲ್ವಾ?"

ಬೇರೆ ದಾರಿಯಿಲ್ಲದೆ ಯೀರು ದೊಡ್ಡಪ್ಪನ ಬೆಳಗನ್ನು ನೋಡುತ್ತ ಕೂತಳು. ಚುಕ್ಕಿ ಕೊಲ್ಲಿಯನ್ನು ದಾಟಿತು. ಹಗ್ಗಗಳ ಬಳಿ ಒಂದೊಂದಕ್ಕೂ ನಿಂತು ನಿಂತು ಸಾಗಿತು. ಎಲ್ಲಿಯೂ ಅವಸರವಿಲ್ಲ. ಯಾವ ಮೀನಿಗೋ ದಾರಿ ಬಿಟ್ಟವರ ಹಾಗೆ ಒಂದು ಕಡೆ ಸುತ್ತು ಬಳಸಿತು. ಒಂದು ಬಂಡೆಯ ನೆರಳಲ್ಲಿ ಬಹಳ ಹೊತ್ತು ಸುಮ್ಮನಿತ್ತು. ಬುತ್ತಿ ಉಂಡಿರಬೇಕು, ಅಥವಾ ಏನೂ ಮಾಡದೆ ಕೂತಿರಬೇಕು. ಎಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವನ ಒಂದು ಬೆಳಗನ್ನು ಅವಳು ಹೀಗೆ ನೋಡಿರಲಿಲ್ಲ. ನೋಡಿದಷ್ಟೂ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಜೊತೆಗೆ ಭಯವೂ. ಡಬ್ಬಿ ಮಾತಾಡುತ್ತಿದೆ ಸರಿ, ಆದರೆ ಖಾಲಿ ದೋಣಿಯಲ್ಲೂ ಅದು ಮಾತಾಡುತ್ತದೆ. ಮನುಷ್ಯನ ಕೈ ಬೇಕಾದದ್ದು ಗುಂಡಿಗೆ ಮಾತ್ರ.

ಚುಕ್ಕಿ ಮರಳಿ ಹೊರಟಿತು. ಅಷ್ಟರಲ್ಲಿ ಮಂಜು ಕವಿದಿತ್ತೆಂದು ಕಾಣುತ್ತದೆ, ನಿಧಾನವಾಗಿ ತಡಕುತ್ತ ಬಂತು. ಆದರೂ ಒಂದಿಷ್ಟೂ ತಪ್ಪದೆ ಧಕ್ಕೆಯ ಗೋಡೆಯ ಬಾಯಿಗೇ ಬಂತು. ಅಲ್ಲಿ ಗುಂಡಿ ಒತ್ತಿದ ಗುರುತು. ಮತ್ತೆ ಒತ್ತಿದ ಗುರುತು. ಮತ್ತೆ.

ಆಮೇಲೆ ಚುಕ್ಕಿ ತಿರುಗಿ ಸಮುದ್ರದ ಕಡೆಗೆ ಹೊರಟುಹೋಯಿತು.

"ಗೋಡೆವರೆಗೂ ಬಂದು ಯಾಕೆ ವಾಪಸ್ ಹೋದ್ರು?" ಹೊಂಗ್‌ವೇಗೆ ಅರ್ಥವಾಗಲಿಲ್ಲ.

"ದೀಪ ಹತ್ತಲಿಲ್ಲ," ಎಂದಳು ಯೀರು. "ಹತ್ತದಿದ್ರೆ ಅದು ನಮ್ಮೂರಲ್ಲ ಅಂತ ನಾನೇ ಹೇಳ್ಕೊಟ್ಟಿದ್ದೆ."

ಕೊಲ್ಲಿಯ ನಡುವೆ ಚುಕ್ಕಿಗಳು ಒಂದರ ಮೇಲೊಂದು ಬಿದ್ದವು. ಲಂಗರು ಹಾಕಿದ್ದಾನೆ, ಅಥವಾ ದೋಣಿ ಮಾತ್ರ ಅಲ್ಲಿದೆ. ಅವಳು ಕಾವಲಿನವರಿಗೆ ಆ ಜಾಗ ಹೇಳಿದಳು. ಹೇಳುತ್ತಲೇ ಪರದೆ ನೋಡುತ್ತಿದ್ದಳು. ಅದೇ ಚುಕ್ಕಿ, ಅದೇ ಚುಕ್ಕಿ. ಕಟ್ಟಿಟ್ಟಿದ್ದ ಮಾತೆಲ್ಲ ಮುಗಿದು ಈಗಿನ ಮಾತು ಬಂತು. ಅದರ ಹಿಂದೆಯೇ ಗುಂಡಿಯ ಗುರುತು ಬಂತು.

ಯೀರು ಬಾಯಿಗೆ ಸೆರಗಿಲ್ಲದೆ ತೋಳನ್ನೇ ತುರುಕಿಕೊಂಡು ಅತ್ತಳು. ಹೊಂಗ್‌ವೇಯೂ ಅತ್ತನೆಂದು ಅನುಮಾನ; ಅವನ ಕಡೆಯಿಂದ ಮೂಗೆಳೆಯುವ ಸದ್ದು ಬಂತು.

ಅವಳು ಧಕ್ಕೆಗೆ ಹೋಗುವಷ್ಟರಲ್ಲಿ ಪಟಪಟ ಕೇಳಿಸುತ್ತಿತ್ತು. ಮಂಜಿನೊಳಗಿಂದ ಮೊದಲು ಹಸಿರು ದೀಪ ಬಂತು, ಆಮೇಲೆ ದೋಣಿ. ಅಲ್ಲೇ ಕಾಯುತ್ತಿದ್ದ ಈಮು ಹಗ್ಗ ಹಿಡಿದು ಕಟ್ಟಿ, ಇನ್ನು ಇವರಿಬ್ಬರ ಪಾಡು ಎಂದು ಒಲೆಯ ಕಡೆ ಹೋದಳು. ಮೂಜಿನ್ ದೋಣಿಯಿಂದ ಇಳಿಯಲಿಲ್ಲ. ಹಲಗೆಯ ಮೇಲೆ ಕೂತೇ ಇದ್ದ. ಒಂದೇ ದಿನದಲ್ಲಿ ಸಣ್ಣಗಾದವನಂತೆ ಕಂಡ.

"ದೋಣಿ ಮಾರಿಬಿಡೋಣ," ಎಂದ.

"ಯಾಕೆ ಈಪಾ?"

"ನನ್ನ ತಲೆ ಕೆಟ್ಟಿದೆ ಕಣೇ. ಒಂದು ಊರಿನ ಗೋಡೆ ಹತ್ರ ಹೋಗಿದ್ದೆ. ನಮ್ಮೂರದ್ದೇ ವಾಸನೆ, ಎಳ್ಳು ರೊಟ್ಟಿ ಸುಡೋ ವಾಸನೆ. ಕಲ್ಲಿಗೆ ನೀರು ಬಡಿಯೋದೂ ನಮ್ಮೂರಿನ ಹಾಗೇ. ನಮ್ಮೂರಲ್ಲ ಅದು. ಇಷ್ಟು ವಯಸ್ಸಾಗಿ ಊರನ್ನ ಗುರುತು ಹಿಡಿಯೋದಕ್ಕೆ ಬರದೇ ಹೋಯ್ತು."

"ನಾನು ಕರೆದೆ. ಕೇಳಿಸ್ಲಿಲ್ವಾ?"

"ಕೇಳಿಸ್ತು." ಅವನು ಅವಳ ಮುಖ ನೋಡಲಿಲ್ಲ. "ನಿಂದೇ ದನಿ. ನಾನು ಯೀರು ಅಂತ ಹೆಸರೂ ಹೇಳ್ತು. ಆದ್ರೆ ದೀಪ ಇಲ್ಲ ಅಂತಿತ್ತು. ಎರಡೂ ನಿಂದೇ ಅಲ್ವಾ, ಯಾವುದನ್ನ ನಂಬ್ಲಿ? ದೀಪ ಯಾವತ್ತೂ ಸುಳ್ಳು ಹೇಳಿರ್ಲಿಲ್ಲ. ಕರೀತಿರೋದು ಬೇರೆ ಯಾವುದೋ ಅಂದ್ಕೊಂಡು, ಓಗೊಡದೆ ತಿರುಗಿಸ್ಕೊಂಡು ಬಂದೆ."

ಯೀರು ಒದ್ದೆ ಮೆಟ್ಟಿಲಿಳಿದು ದೋಣಿಯೊಳಗೆ ಅವನೆದುರು ಕೂತಳು. ಬೆಳಿಗ್ಗೆ ತಾನು ಮಾಡಿದ್ದನ್ನೆಲ್ಲ ಹೇಳಿದಳು. ನಮಸ್ಕಾರ, ಪ್ರತಿ ಯಾವುದೂ ಅವನಿಗೆ ತಿಳಿಯುವ ಮಾತಲ್ಲವೆಂದು ಗೊತ್ತಿದ್ದೂ ಒಂದನ್ನೂ ಬಿಡಲಿಲ್ಲ. "ತಪ್ಪಿದ್ದು ನಾನು ಈಪಾ. ದೀಪನ ಕೆಡಿಸಿದ್ದು ನಾನು."

ಮೂಜಿನ್ ತೋಳಿನಲ್ಲಿ ಡಬ್ಬಿಯನ್ನು ಒರೆಸಿದ.

"ಹಾಗಾದ್ರೆ ನಾನು ಹೋಗಿದ್ದು ನಮ್ಮೂರಿಗೇನಾ?"

"ನಮ್ಮೂರಿಗೇ. ಈ ಗೋಡೆಗೇ ಬಂದಿದ್ರಿ."

"ದಾರಿ ತಪ್ಪಿರ್ಲಿಲ್ವಾ ನಾನು?"

"ಒಂದು ಮಾರೂ ತಪ್ಪಿರ್ಲಿಲ್ಲ."

ಮುದುಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಂಜಿನಲ್ಲಿ ಅವರಿಬ್ಬರನ್ನು ನೋಡುವವರು ಯಾರೂ ಇರಲಿಲ್ಲ.

"ಇನ್ನೊಂದ್ಸಲ ಹೇಳು," ಎಂದ.

ಯೀರು ಇನ್ನೊಂದು ಸಲ ಹೇಳಿದಳು.