ಇನ್ನೂರ ಹದಿನಾಲ್ಕು ಕಪ್ ಚಹಾ

ಆಬಾ ಪಟ್ಟಣದ ಇರೋಬಿ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಚಹಾ ಕುಡಿಯುವವರು ಒಬ್ಬರೂ ಇರಲಿಲ್ಲ. ಬಕೆಟ್ಟು, ಬೇಸಿನ್ನು ಅಚ್ಚು ಹಾಕುವ ಆ ಶೆಡ್ಡಿನ ಸೆಕೆಗೆ ತಣ್ಣೀರೇ ಬಿಸಿಯಾಗಿ ಗಂಟಲಿಗಿಳಿಯುತ್ತಿತ್ತು. ಹಸಿದರೆ ಗೇಟಿನಾಚೆ ಬಾಳೆಲೆಯಲ್ಲಿ ಬೇಯಿಸಿದ ಒಕ್ಪಾ ಕಡುಬು, ಬಾಯಾರಿದರೆ ಪ್ಯಾಕೆಟ್ ನೀರು. ಹಾಗಿದ್ದೂ ಮೂರನೇ ಮಷೀನಿನ ಒಗ್ಬೊನ್ನೆ ಕಳೆದ ತಿಂಗಳು ಇನ್ನೂರ ಹದಿನಾಲ್ಕು ಸಲ ಚಹಾ ಕುಡಿದಿದ್ದಾಳೆಂದು ಗೋಡೆಯ ಮೇಲಿನ ದೊಡ್ಡ ಪರದೆ ತೋರಿಸಿತು. ಪರದೆ ಸುಳ್ಳು ಹೇಳುವುದಿಲ್ಲ ಎಂದರು ಮಾಲೀಕರಾದ ಚೀಫ್ ಇರೋಬಿ. ಹತ್ತೊಂಬತ್ತು ವರ್ಷ ದುಡಿದ ಆಕೆಯನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಶುಕ್ರವಾರ ಸಂಜೆಯೊಳಗೆ ಸಹಿ ಹಾಕಬೇಕೆಂದು ಮೇಲ್ವಿಚಾರಕ ಉದುಮಾನಿಗೆ ಅಪ್ಪಣೆಯಾಯಿತು.

ಉದುಮಾ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಎದುರು ಮಾತಾಡಲಿಲ್ಲ. ಎದುರು ಮಾತಾಡದೆ ಇದ್ದುದರಿಂದಲೇ ಅವನು ಮೇಲ್ವಿಚಾರಕನಾದದ್ದು.

ನಾಲ್ಕು ತಿಂಗಳ ಹಿಂದೆ ಡಿಜಿಟಲ್ ಯುಗವು ಲಾಗೋಸಿನಿಂದ ಬಾಂಕೊಲೆ ಎಂಬ ತಜ್ಞನ ರೂಪದಲ್ಲಿ, ಮೊನಚು ಬೂಟು ಹಾಕಿಕೊಂಡು ಬಂದಿತ್ತು. ಪ್ರತಿ ಮಷೀನಿಗೂ ಒಂದೊಂದು ಟ್ಯಾಬ್, ಪ್ರತಿ ಕೊರಳಿಗೂ ಒಂದೊಂದು ನಂಬರಿನ ಕಾರ್ಡು. ಒಂದನೇ ನಂಬರನ್ನು ಚೀಫ್ ತಮಗೇ ಮಾಡಿಸಿಕೊಂಡು ಹವಳದ ಸರದ ಪಕ್ಕದಲ್ಲಿ ತೂಗುಹಾಕಿಕೊಂಡರು. ಮಷೀನು ನಿಂತರೆ ಟ್ಯಾಬು 'ಯಾಕೆ?' ಎಂದು ಕೇಳುತ್ತಿತ್ತು. ಏಳು ಚಿತ್ರಗಳಲ್ಲಿ ಒಂದನ್ನು ಒತ್ತಿ ಕಾರ್ಡು ತಾಗಿಸುವವರೆಗೆ ಮಷೀನು ಮತ್ತೆ ಹೊರಡುತ್ತಿರಲಿಲ್ಲ. ಯಾವುದೋ ಚಳಿಯ ದೇಶದಲ್ಲಿ ಮಷೀನುಗಳು ನಿಲ್ಲುವ ಏಳು ಕಾರಣಗಳು ಅವು. ಆಬಾದಲ್ಲಿ ಮಷೀನು ನಿಲ್ಲುವುದು ಒಂದೇ ಕಾರಣಕ್ಕೆ. ಅದು ಆ ಏಳರಲ್ಲಿ ಇರಲಿಲ್ಲ.

ದಿನಕ್ಕೆ ಏಳೆಂಟು ಸಲ ಕರೆಂಟು ಹೋಗಿ ಶೆಡ್ಡು ಕತ್ತಲಾಗುತ್ತಿತ್ತು. "ತಗೊಂಡ್ರಪ್ಪೋ!" ಎಂದು ಯಾರಾದರೂ ಕೂಗುತ್ತಿದ್ದರು. ಏನನ್ನು ತಗೊಂಡರೆಂದು ಯಾರೂ ಕೇಳಬೇಕಿರಲಿಲ್ಲ. ಜನರೇಟರು ಕೆಮ್ಮಿ ಎದ್ದೇಳಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷದ ನಿಶ್ಶಬ್ದ ಉದುಮಾನಿಗೆ ಇಷ್ಟ. ಕಿವಿಯೊಳಗಿನ ಗುಂಯ್‌ಗುಟ್ಟುವಿಕೆ ಇಳಿದು ದೂರದ ಕೋಳಿಯ ಕೂಗು ಕೇಳುತ್ತಿತ್ತು. ಒಗ್ಬೊನ್ನೆ ಬಕೆಟ್ಟು ಬೋರಲು ಹಾಕಿ ಕೂತು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಟ್ಯಾಬಿಗೆ ಉತ್ತರ ಕೊಡಬೇಕಿತ್ತು.

ಮೊದಲ ದಿನ ಅವಳು ಉದುಮಾನನ್ನು ಕೇಳಿದ್ದಳು, "ತಮ್ಮಾ, ಇದರಲ್ಲಿ ಕರೆಂಟಿನ ಚಿತ್ರ ಎಲ್ಲಿದೆಯೋ?"

"ಇಲ್ಲ ಅಕ್ಕಾ. ರಿಪೇರಿ ಒತ್ತಿದ್ರೆ ಮೆಕ್ಯಾನಿಕ್ ಬಂದು ಬೈತಾನೆ. ಮಾಲಿಲ್ಲ ಅಂದ್ರೆ ಉಗ್ರಾಣದವನು ಜಗಳಕ್ಕೆ ಬರ್ತಾನೆ. ಆ ಚಹಾ ಕಪ್ಪು ಇದೆಯಲ್ಲ, ಹೊಗೆ ಬರೋದು, ಅದನ್ನ ಒತ್ತು. ಅದಕ್ಕೆ ಯಾರೂ ಬರಲ್ಲ."

ಉಳಿದವರು ಸುಳ್ಳನ್ನು ಏಳು ಚಿತ್ರಗಳಿಗೂ ಹಂಚಿದರು. ಒಗ್ಬೊನ್ನೆ ಮಾತ್ರ ಒಂದೇ ಸುಳ್ಳಿಗೆ ನಿಷ್ಠಳಾಗಿದ್ದಳು. ಸಿಕ್ಕಿಬಿದ್ದಳು.

ಬುಧವಾರ ಉದುಮಾ ಧೈರ್ಯ ಮಾಡಿ ಬಾಂಕೊಲೆಯ ಬಳಿ ಹೋದ. "ಸರ್, ಕರೆಂಟಿಗೊಂದು ಚಿತ್ರ ಸೇರಿಸೋಕಾಗಲ್ವಾ?"

ಬಾಂಕೊಲೆ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಯಾಕಾಗಲ್ಲ? ಎರಡು ನಿಮಿಷದ ಕೆಲಸ. ಆದ್ರೆ ನಿಮ್ಮ ಚೀಫ್ ಕೈಗಾರಿಕಾ ಸಂಘದ ಪ್ರಶಸ್ತಿ ಅರ್ಜಿಯಲ್ಲಿ ಕರೆಂಟು ಯಾವಾಗ್ಲೂ ಇರುತ್ತೆ ಅಂತ ಬರ್ಕೊಟ್ಟಿದ್ದಾರೆ. ಯಾವಾಗ್ಲೂ ಇರೋದು ಹೋಗೋದು ಹೇಗೆ, ನೀನೇ ಹೇಳು? ಚೀಫ್ ಸುಳ್ಳು ಹೇಳಿದ್ರು ಅಂತೀಯಾ?"

ಉದುಮಾ ಶೆಡ್ಡಿಗೆ ಹಿಂದಿರುಗಿದ. ಗುರುವಾರ ಚೀಫರ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿಯೂ ಏನೂ ಅನ್ನದೆ ಮರಳಿದ. ತನ್ನ ಮೌನವನ್ನು ಇಷ್ಟು ವರ್ಷ ಅವನು ತಾಳ್ಮೆ ಎಂದುಕೊಂಡಿದ್ದ. ಈಗ ಅದಕ್ಕೆ ಬೇರೆ ಹೆಸರಿರಬಹುದೆನಿಸಿತು.

ಒಗ್ಬೊನ್ನೆಗೆ ಪತ್ರದ ಸುದ್ದಿ ತಲುಪಿತ್ತು. "ಕೆಲಸ ಹೋದ್ರೆ ಹೋಗ್ಲಿ ಕಣೋ," ಎಂದಳು ಬಕೆಟ್ಟಿನ ಅಂಚು ಕೆರೆಯುತ್ತಾ. "ಊರಲ್ಲಿ ಹೇಳೋದೇನು? ಚಹಾ ಕುಡಿದು ಕೆಟ್ಟಳು ಅಂತಾನಾ? ಹೆಂಡ ಕುಡಿದು ಕೆಟ್ಟವರಿಗಾದ್ರೂ ಒಂದು ಮರ್ಯಾದೆ ಇದೆ."

ಶುಕ್ರವಾರ ಕೈಗಾರಿಕಾ ಸಂಘದವರು 'ನಾಳೆಯ ಕಾರ್ಖಾನೆ' ಎಂಬ ಫಲಕ ಕೊಡಲು ಬಂದರು. ಅಂದು ಕರೆಂಟು ಹೋಗದಂತೆ ನೋಡಿಕೊಳ್ಳಲು ಚೀಫ್ ಕರೆಂಟು ಕಚೇರಿಯ ಯಾರಿಗೋ ಒಂದು ಆಡು ಕಳಿಸಿದ್ದರು. ಆಡು ಹೋಯಿತು. ಅತಿಥಿಗಳು ಮೂರನೇ ಮಷೀನಿನ ಮುಂದೆ ನಿಂತಾಗ ಕರೆಂಟೂ ಹೋಯಿತು.

"ತಗೊಂಡ್ರ..." ಎಂದು ಹಿಂದಿನಿಂದ ಕೂಗು ಎದ್ದು, ನಡುವೆಯೇ ಅಡಗಿತು.

ಕತ್ತಲಲ್ಲಿ ಬ್ಯಾಟರಿಯ ಮೇಲೆ ಉಳಿದದ್ದು ಟ್ಯಾಬು ಮತ್ತು ಗೋಡೆಯ ಪರದೆ ಎರಡೇ. ಯಾಕೆ, ಎಂದು ಟ್ಯಾಬು ಕೇಳಿತು. ಒಗ್ಬೊನ್ನೆ ಅಭ್ಯಾಸದಂತೆ ಕಾರ್ಡಿಗೆ ಕೈ ಹಾಕಿದಳು. ಉದುಮಾ ಅವಳ ಮಣಿಕಟ್ಟು ಹಿಡಿದ.

"ಚೀಫ್," ಎಂದ, ಎಲ್ಲರಿಗೂ ಕೇಳುವಂತೆ, "ಅತಿಥಿಗಳಿಗೆ ನೀವೇ ಒತ್ತಿ ತೋರಿಸಿದ್ರೆ ಚೆನ್ನ. ಮಷೀನು ಯಾಕೆ ನಿಂತಿತು ಅಂತ."

ಸಂಘದ ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಚೀಫರ ಬೆರಳು ಏಳು ಚಿತ್ರಗಳ ಮೇಲೆ ಸುಳಿದಾಡಿತು. ರಿಪೇರಿ ಎಂದರೆ ಮಷೀನು ಕೆಟ್ಟದ್ದೆಂದಾಗುತ್ತದೆ. ಮಾಲಿಲ್ಲ ಎಂದರೆ ದಿವಾಳಿ ಎಂದಾಗುತ್ತದೆ. ಕೊನೆಗೆ ಬೆರಳು ಹೊಗೆಯಾಡುವ ಕಪ್ಪಿನ ಮೇಲೆ ಇಳಿಯಿತು. ಹವಳದ ಪಕ್ಕದಿಂದ ಕಾರ್ಡು ಬಂದು ತಾಗಿತು.

ಗೋಡೆಯ ಪರದೆ ಕೆಂಪಾಯಿತು: 'ಮೂರನೇ ಮಷೀನು. ಚಹಾ. ಹೊಣೆ: ನಂಬರ್ ಒಂದು. ಈ ಮಷೀನಿನ ಚಹಾ ಮಿತಿ ಮೀರಿದೆ. ಶಿಫಾರಸು: ವಜಾ.'

"ಚಹಾನಾ?" ಎಂದರು ಅಧ್ಯಕ್ಷೆ. "ಈ ಸೆಕೇಲಿ?"

"ನಮ್ಮಲ್ಲಿ ಅದೊಂದು ಪದ್ಧತಿ, ಮೇಡಂ," ಎಂದರು ಚೀಫ್ ಬೆವರೊರೆಸಿಕೊಳ್ಳುತ್ತಾ. "ಕೆಲಸದೋರ ಆರೋಗ್ಯಕ್ಕೆ. ಉದುಮಾ! ಎಲ್ಲಿ, ಚಹಾ ತರಿಸು!"

"ತರಿಸ್ತೀನಿ, ಚೀಫ್. ಈ ಪತ್ರ?" ಉದುಮಾ ಜೇಬಿನಿಂದ ಅದನ್ನು ತೆಗೆದು ಚಾಚಿದ. "ಹೆಸರು ಯಾರದು ಹಾಕಲಿ?"

ಚೀಫ್ ಅದನ್ನು ಕಸಿದು ನಾಲ್ಕು ಚೂರು ಮಾಡಿ ತಮ್ಮ ಜೇಬಿಗೇ ತುರುಕಿಕೊಂಡರು.

ಫಲಕ ಈಗ ಗೇಟಿನ ಮೇಲಿದೆ. ಅದರ ಕೆಳಗೆ ಬಾಂಕೊಲೆ ಅಂಟಿಸಿದ ಸೂಚನೆ: ಪರದೆಯ ಲೆಕ್ಕಕ್ಕೂ ವಾಸ್ತವಕ್ಕೂ ತಾಳೆಯಾಗಬೇಕಾದ್ದರಿಂದ, ಮಷೀನು ನಿಂತಾಗಲೆಲ್ಲ ಎಲ್ಲರೂ ಕಡ್ಡಾಯವಾಗಿ ಚಹಾ ಕುಡಿಯತಕ್ಕದ್ದು.

ಕರೆಂಟು ಹೋದೊಡನೆ ಫ್ಲಾಸ್ಕುಗಳು ಬರುತ್ತವೆ. ಆ ನಾಲ್ಕು ನಿಮಿಷ ಶೆಡ್ಡಿನ ತುಂಬ ಸುರ್‌ಸುರ್ ಸದ್ದು. ಕೋಳಿ ಕೂಗಿದರೂ ಕೇಳುವುದಿಲ್ಲ.

"ಏಳನೇದು," ಎಂದಳು ಒಗ್ಬೊನ್ನೆ, ಬೋರಲು ಬಕೆಟ್ಟಿನ ಮೇಲೆ ಕೂತು, ಬೆವರು ಹನಿಯುವ ಮೂಗನ್ನು ಕಪ್ಪಿನಿಂದಾಚೆ ತಿರುಗಿಸಿ. "ಕೆಲಸವೇನೋ ಉಳಿಸಿದೆ, ತಮ್ಮಾ. ಇದರಿಂದ ಬಿಡುಗಡೆ ಯಾವಾಗ?"

ಉದುಮಾ ತನ್ನ ಕಪ್ಪನ್ನು ಊದಿಕೊಂಡ. ಎದುರು ಮಾತಾಡಲಿಲ್ಲ.