ಬೆಂಚಿನ ಸುತ್ತ

ಪಾಸ್‌ಪೋರ್ಟ್ ಫೋಟೊ ತೆಗೆದು ತೆಗೆದು, ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ ತಂಗಿ ಬೇಸತ್ತಿದ್ದಳು. ಎರಡೂ ಕಿವಿ ಕಾಣಬೇಕು, ನಗಬಾರದು, ನೆರಳು ಬೀಳಬಾರದು. ಹಾಗಾಗಿ ಸ್ಟುಡಿಯೊಗೆ ರಜೆ ಇದ್ದಾಗ ಪಾರ್ಕಿಗೆ ಹೋಗಿ, ಕುಂಚದಲ್ಲಿ ಬರೆದಂತೆ ಕಾಣುವ ಫೋಟೊ ತೆಗೆಯುವ ಹುಚ್ಚು ಹಚ್ಚಿಕೊಂಡಿದ್ದಳು. ಶಟರ್ ನಿಧಾನ ಮಾಡಿ ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ಎಳೆದರೆ ಮರಗಳೆಲ್ಲ ಹಸಿರು ಗೀರುಗಳಾಗುತ್ತಿದ್ದವು.

ಗಂಡನ ಏಟು ತಾಳಲಾರದೆ ಬಂದು ಅವಳ ಜೊತೆಗಿದ್ದ ಅಕ್ಕ ಮನೆ ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ. ಒಂದು ಸಂಜೆ ತಂಗಿ ಅವಳನ್ನು ಬಲವಂತ ಮಾಡಿ ಪಾರ್ಕಿಗೆ ಕರೆತಂದಳು.

“ಬೆಂಚ್ ಮೇಲೆ ಅಲ್ಲಾಡದೆ ಕೂತ್ಕೋ. ನಾನು ಸುತ್ತು ಹಾಕ್ತಾ ತೆಗೀತೀನಿ. ಎಲ್ಲ ಒಂದರ ಮೇಲೊಂದು ಕೂತು ಒಂದೇ ಫೋಟೊ ಆಗುತ್ತೆ. ಸುತ್ತ ಇರೋದೆಲ್ಲ ಕಲಸಿಹೋಗುತ್ತೆ, ನಡುವೆ ನೀನೊಬ್ಬಳು ಉಳೀತೀಯ.”

“ನನ್ನ ಮೂತಿನೂ ಕಲಸಿಬಿಡೇ, ಪುಣ್ಯ ಬರುತ್ತೆ,” ಎಂದು ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು.

ಅಕ್ಕನ ಕೆಂಪು ಸ್ವೆಟರಿನ ಮೇಲೇ ಕಣ್ಣು ನೆಟ್ಟು ತಂಗಿ ಬೆಂಚಿಗೆ ಒಂದು ಸುತ್ತು ಬಂದಳು. ಆಮೇಲೆ ಪರದೆ ನೋಡಿದಳು. ಮರ, ದೀಪದ ಕಂಬ, ಓಡಾಡುವ ಜನ ಎಲ್ಲ ಕರಗಿಹೋಗಿದ್ದವು. ಕೆಂಪಿನ ಹಿಂದೆ ಮಾತ್ರ ಕಪ್ಪಗೆ ಒಬ್ಬ ಮನುಷ್ಯ ನಿಂತಿದ್ದ.

ಒಂದೇ ಕಡೆ ನಿಂತವನಾಗಿದ್ದರೆ ಅವನೂ ಕಲಸಿಹೋಗಬೇಕಿತ್ತು. ಅವಳು ಸುತ್ತಿದಂತೆ ಅವನೂ ಸುತ್ತಿದ್ದಾನೆ, ಮರಗಳ ಮರೆಯಲ್ಲಿ, ಅಕ್ಕನನ್ನು ನಡುವೆ ಇಟ್ಟುಕೊಂಡು. ತಂಗಿ ಕ್ಯಾಮೆರಾವನ್ನು ಅಕ್ಕನತ್ತ ಚಾಚಿದಳು.

ಅಕ್ಕ ಇಣುಕಿದಳು. “ಅವರೇ. ಎಡಭುಜ ನೋಡು, ಇಳಿದಿದೆ.”

ತಲೆಯೆತ್ತಿ ನೋಡಿದರೆ ಯಾರೂ ಇರಲಿಲ್ಲ.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ ಫೋಟೊವನ್ನು ಹಿಂದೆ ಮುಂದೆ ಹಿಡಿದು ನೋಡಿದರು. “ಇದರಲ್ಲಿ ಮುಖ ಎಲ್ಲಿದೆಯಮ್ಮ? ಗೋಡೆಗೆ ಹಾಕೋಕೆ ಚೆನ್ನಾಗಿದೆ. ಸರಿಯಾಗಿ ಕಾಣೋದು ತನ್ನಿ.” ಬಿಡಿ ಫೋಟೊಗಳನ್ನು ಕ್ಯಾಮೆರಾ ಉಳಿಸಿಕೊಂಡಿರಲಿಲ್ಲ.

ಮಾರನೆಯ ದಿನ ಅಕ್ಕನೇ ಸ್ವೆಟರ್ ಹಾಕಿಕೊಂಡು ನಿಂತಳು. “ನಡಿ, ಪಾರ್ಕಿಗೆ.”

“ಹುಚ್ಚೇನೇ ನಿಂಗೆ?”

“ಒಳಗೇ ಕೂತ್ರೆ ಅವರು ಬರೋದು ನಿಲ್ಲುತ್ತಾ?”

ಅಕ್ಕ ಮರಗಳಿಗೆ ಬೆನ್ನು ಮಾಡಿ ಬೆಂಚಿನಲ್ಲಿ ಕೂತಳು. ಎದುರಿಗೆ ತಂಗಿ ಶಟರ್ ವೇಗ ಏರಿಸಿ ಕಾದಳು. ಹೊತ್ತು ಇಳಿಯುವಾಗ ಭಾವ ಮರಗಳ ಸಂದಿಯಿಂದ ಹೊರಬಂದ. ಅಡಗುವ ಗೋಜಿಗೇ ಹೋಗಲಿಲ್ಲ. ಅವಳು ಒಂದೇ ಸಮನೆ ಕ್ಲಿಕ್ಕಿಸಿದಳು. ಪ್ರತಿ ಕ್ಲಿಕ್ಕಿಗೂ ಅವನು ದೊಡ್ಡವನಾಗುತ್ತ ಬಂದ.

“ಬಂದ್ರಾ?” ಅಕ್ಕ ತಿರುಗದೆ ಕೇಳಿದಳು.

“ಹೂಂ. ಏಳೇ ಅಕ್ಕ, ಏಳು!”

ಅಕ್ಕ ಎದ್ದು ತಿರುಗಿ, ಪಾರ್ಕಿಗೆಲ್ಲ ಕೇಳುವಂತೆ ಕೂಗಿದಳು: “ಅಲ್ಲೇ ನಿಲ್ಲೋ!”

ಜನ ತಿರುಗಿ ನೋಡಿದರು. ಅವನು ನಿಂತ. ಕ್ಯಾಮೆರಾದತ್ತ ನೋಡಿ ನಕ್ಕು, ಅವಸರವಿಲ್ಲದೆ ಹೊರಟುಹೋದ.

ಠಾಣೆಯಲ್ಲಿ ಈ ಸಲ ದೂರು ಬರೆದುಕೊಂಡು ಒಬ್ಬ ಪೇದೆಯನ್ನು ಮನೆಯವರೆಗೆ ಜೊತೆಗೆ ಕಳಿಸಿದರು. ತಂಗಿ ಬೀಗ ಹಾಕಿ ಹೋಗಿದ್ದ ಮನೆಯ ಬಾಗಿಲು ತೆರೆದಿತ್ತು. ಭಾವ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

“ಹೆಂಡತಿಗೆ ಕಾಯ್ತಾ ಇದ್ದೆ,” ಎಂದ.

ಪೇದೆ ರಟ್ಟೆ ಹಿಡಿದು ಕರೆದೊಯ್ಯುವಾಗ ಭಾವ ಅಕ್ಕನ ಪಕ್ಕ ಹಾಯುತ್ತ, “ನಾಳೆ ಬಿಡ್ತಾರೆ ಕಣೇ,” ಎಂದು ಮೆಲ್ಲಗೆ ಹೇಳಿದ.

ಅಕ್ಕ ಒಳಗೆ ಹೋಗಿ ಇಬ್ಬರ ಬಟ್ಟೆಯನ್ನೂ ಚೀಲಕ್ಕೆ ತುಂಬತೊಡಗಿದಳು.